ಎರಡು ತಿಂಗಳು, ಒಂದು ಪ್ರಶ್ನೆ: ವೈದ್ಯವಿದ್ಯಾರ್ಥಿಗಳ ಸಂಶೋಧನೆಯ ಬಗ್ಗೆ ಓದುಗರೊಡನೆ

ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿಯಾಗಿ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ವೈದ್ಯಕೀಯ ಪದವಿ ಓದುತ್ತಿರುವಾಗಲೇ ವಿದ್ಯಾರ್ಥಿವೇತನ ಪಡೆದು ಎರಡು ತಿಂಗಳ ಸಣ್ಣ ಸಂಶೋಧನೆ ಮಾಡುವ ಯೋಜನೆಗಳ ಬಗ್ಗೆ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಬರೆದ ಪತ್ರಗಳು ಕಳೆದ ಕೆಲವು ತಿಂಗಳಿನಿಂದ ನನ್ನ ಮೇಜಿನ ಮೇಲೆ ಸೇರಿಕೊಂಡಿವೆ. ಸಮುದಾಯ ವೈದ್ಯಶಾಸ್ತ್ರವನ್ನು ಬಹುಕಾಲ ಪಾಠ ಮಾಡಿ ನಿವೃತ್ತಳಾದ ನನಗೆ ಇದು ತೀರ ಹತ್ತಿರದ ವಿಷಯ. ಕೆಲವರು ಹೆಸರು ಬೇಡವೆಂದು ಕೇಳಿಕೊಂಡಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎರಡನೇ ವರ್ಷದ ಎಂ.ಬಿ.ಬಿ.ಎಸ್. ಓದುತ್ತಿದ್ದೇನೆ. ಸೀನಿಯರ್‌ಗಳು “ಎಸ್‌ಟಿಎಸ್ ಹಾಕು, ಐವತ್ತು ಸಾವಿರ ಬರುತ್ತೆ” ಎನ್ನುತ್ತಾರೆ. ಇದು ನಿಜವಾಗಿ ಏನು? ಮನೆಯಲ್ಲಿ ಅಪ್ಪ ಮೂರು ಎಕರೆ ಜೋಳ, ಹತ್ತಿ ಬೆಳೆಯುತ್ತಾರೆ. ನಾನು ಮೊದಲು ಕೈಯಿಂದ ಹಣ ಹಾಕಬೇಕಾಗುತ್ತದೆಯೇ? (ಹಾವೇರಿ)

ಉತ್ತರ: ಎಸ್‌ಟಿಎಸ್ ಎಂದರೆ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ನಾವೆಲ್ಲ ಐಸಿಎಂಆರ್ ಎಂದು ಕರೆಯುವ ಸಂಸ್ಥೆ, 1979ರಲ್ಲಿ ಇದನ್ನು ಆರಂಭಿಸಿತು. ಐಸಿಎಂಆರ್ ತಾನೇ 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಹುಟ್ಟಿ, 1949ರಲ್ಲಿ ಈಗಿನ ಹೆಸರನ್ನು ಪಡೆದ ಹಳೆಯ ಸಂಸ್ಥೆ. ಎಂ.ಬಿ.ಬಿ.ಎಸ್. ಮತ್ತು ಬಿ.ಡಿ.ಎಸ್. ವಿದ್ಯಾರ್ಥಿಗಳಿಗೆ ಓದಿನ ನಡುವೆಯೇ ಸಂಶೋಧನೆಯ ರುಚಿ ಹತ್ತಲಿ ಎಂಬುದು ಯೋಜನೆಯ ಉದ್ದೇಶ. ಇಂಟರ್ನ್‌ಶಿಪ್ ತಲುಪಿದವರಿಗೆ ಇದು ಸಿಗುವುದಿಲ್ಲ. ನಿಮ್ಮ ಕಾಲೇಜಿನ ಪೂರ್ಣಾವಧಿ ಅಧ್ಯಾಪಕರೊಬ್ಬರು ಗೈಡ್ ಆಗಲು ಒಪ್ಪಬೇಕು. ಒಬ್ಬ ಗೈಡ್‌ಗೆ ಒಬ್ಬರೇ ವಿದ್ಯಾರ್ಥಿ ಎಂಬ ನಿಯಮವಿರುವುದರಿಂದ, ಎಲ್ಲರಿಗೂ ಪ್ರಿಯರಾದ ಅಧ್ಯಾಪಕರ ಬಾಗಿಲಿಗೆ ಕೊನೆಯ ವಾರದಲ್ಲಿ ಹೋದರೆ ಅವರು ಆಗಲೇ ಬೇರೊಬ್ಬರಿಗೆ ಮಾತು ಕೊಟ್ಟಿರುತ್ತಾರೆ. ಅರ್ಜಿ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅರ್ಜಿಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆದ್ದರಿಂದ ಸೀನಿಯರ್ ಹೇಳಿದ ತಿಂಗಳನ್ನು ನಂಬಿ ಕೂರದೆ ಐಸಿಎಂಆರ್‌ನ ಪ್ರಕಟಣೆಯನ್ನು ನೀವೇ ನೋಡಿಕೊಳ್ಳಿ.

ಹಣದ ವಿಷಯವನ್ನು ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ತಿಂಗಳಿಗೆ 25,000ದಂತೆ ಎರಡು ತಿಂಗಳಿಗೆ 50,000 ರೂಪಾಯಿ ಕೊಡುತ್ತಿರುವುದು ನಿಜ. ಆದರೆ ಅದು ಆಯ್ಕೆಯಾದ ದಿನ ಬರುವ ಹಣವಲ್ಲ. ಕೆಲಸ ಮುಗಿಸಿ, ವರದಿ ಬರೆದು ಸಲ್ಲಿಸಿ, ಆ ವರದಿಯನ್ನು ಪರಿಶೀಲಿಸಿದವರು ಒಪ್ಪಿದ ಮೇಲೆ, ಪ್ರಮಾಣಪತ್ರದ ಜೊತೆಗೆ ಬರುವ ಹಣ. ವರದಿ ಒಪ್ಪಿಗೆಯಾಗದಿದ್ದರೆ ಬರುವುದೇ ಇಲ್ಲ. ಇನ್ನೂ ಮುಖ್ಯವಾದದ್ದೆಂದರೆ ಇದು ನಿಮಗೆ ಕೊಡುವ ವಿದ್ಯಾರ್ಥಿವೇತನವೇ ಹೊರತು ಅಧ್ಯಯನದ ಖರ್ಚಿಗೆ ಕೊಡುವ ಅನುದಾನವಲ್ಲ. ಪರೀಕ್ಷಾ ಕಿಟ್‌ಗಳು, ಪ್ರಯೋಗಾಲಯದ ಶುಲ್ಕ, ಹಳ್ಳಿಗೆ ಹೋಗಿ ಬರುವ ಬಸ್ ಚಾರ್ಜು, ಇವೆಲ್ಲವನ್ನೂ ಕಾಲೇಜು ಅಥವಾ ವಿಭಾಗ ಭರಿಸಬೇಕು, ಇಲ್ಲವಾದರೆ ನೀವು ಭರಿಸುತ್ತೀರಿ. ರಕ್ತದ ದುಬಾರಿ ಪರೀಕ್ಷೆಯೊಂದನ್ನು ಎಂಬತ್ತು ಜನರಿಗೆ ಮಾಡಿಸುವ ವಿಷಯವನ್ನು ಒಪ್ಪಿಕೊಂಡು, ಕೊನೆಗೆ ಅಪ್ಪನ ಹತ್ತಿ ಮಾರಿದ ದುಡ್ಡಿನಲ್ಲಿ ಕಿಟ್ ಕೊಳ್ಳುವ ಪರಿಸ್ಥಿತಿ ನಿಮಗೆ ಬರಬಾರದು. ಗೈಡ್ ಹತ್ತಿರ ಮೊದಲ ಭೇಟಿಯಲ್ಲೇ “ಸರ್, ಈ ಟೆಸ್ಟಿನ ಖರ್ಚು ಯಾರದು?” ಎಂದು ಕೇಳಿ. ಹಾಗೆ ಕೇಳುವುದು ಅಹಂಕಾರವಲ್ಲ. ಆಸ್ಪತ್ರೆಯಲ್ಲಿ ಹೇಗೂ ನಡೆಯುವ ಪರೀಕ್ಷೆಗಳನ್ನೋ, ಕಣ್ಣು, ಕಿವಿ, ಗಡಿಯಾರ ಮತ್ತು ವಿವರ ತುಂಬುವ ನಮೂನೆ, ಅಂದರೆ ಒಂದು ಪ್ರೊಫಾರ್ಮಾದಿಂದಲೇ ಆಗುವ ಅಳತೆಗಳನ್ನೋ ಆರಿಸಿಕೊಂಡರೆ ಒಂದು ರೂಪಾಯಿ ಹಾಕದೆಯೂ ಗಟ್ಟಿಯಾದ ಕೆಲಸ ಮಾಡಬಹುದು.

ಪ್ರಶ್ನೆ: ನನ್ನ ಗೈಡ್ ತುಂಬ ಒಳ್ಳೆಯವರು, “ನಿನಗಿಷ್ಟ ಬಂದ ಟಾಪಿಕ್ ತೆಗೆದುಕೊಂಡು ಬಾ” ಎಂದಿದ್ದಾರೆ. ನಾನು “ಕರ್ನಾಟಕದಲ್ಲಿ ಅಸ್ತಮಾ: ಕಾರಣಗಳು ಮತ್ತು ಪರಿಹಾರಗಳು” ಎಂದು ಬರೆದುಕೊಂಡು ಹೋದೆ. ಅವರು ನಕ್ಕು ವಾಪಸ್ ಕಳಿಸಿದರು. ವಿಷಯವನ್ನು ಆರಿಸಿಕೊಳ್ಳುವುದು ಹೇಗೆ? ಎಷ್ಟು ರೋಗಿಗಳನ್ನು ನೋಡಬೇಕು? (ದಾವಣಗೆರೆ)

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪತ್ರ ಇದು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ನೀವು ಬರೆದದ್ದು ಒಂದು ಪುಸ್ತಕದ ಶೀರ್ಷಿಕೆ. ಎರಡು ತಿಂಗಳಿಗೆ ಬೇಕಾದದ್ದು ಒಂದು ಪ್ರಶ್ನೆ, ಅದೂ ಒಂದು ಸಂಖ್ಯೆಯಲ್ಲಿ ಉತ್ತರ ಹೇಳಬಹುದಾದ ಪ್ರಶ್ನೆ.

ಅಸ್ತಮಾವನ್ನೇ ಹಿಡಿದುಕೊಳ್ಳೋಣ. ನಿಮ್ಮ ಕಾಲೇಜಿನ ಎದೆರೋಗ ವಿಭಾಗದ ಒಪಿಡಿಯಲ್ಲಿ ಒಂದು ಬೆಳಗ್ಗೆ ಸುಮ್ಮನೆ ಕುಳಿತುಕೊಳ್ಳಿ. ಚನ್ನಗಿರಿ ಕಡೆಯಿಂದ ಬಂದ ಹಿರಿಯರೊಬ್ಬರು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡ ಇನ್‌ಹೇಲರನ್ನು ಅಂಗಿಯ ಜೇಬಿನಿಂದ ತೆಗೆದು, “ಆರು ತಿಂಗಳಿಂದ ಎಳಿತಿದೀನಿ, ಏನೂ ಗುಣ ಕಾಣಲಿಲ್ಲ ಡಾಕ್ಟ್ರೇ” ಎನ್ನುತ್ತಾರೆ. ಪಿ.ಜಿ. ಡಾಕ್ಟರು ಔಷಧದ ಪ್ರಮಾಣ ಹೆಚ್ಚಿಸಿ ಬರೆಯುತ್ತಾರೆ. ಆಗ ನೀವು “ಅಜ್ಜಾರೇ, ಹೆಂಗೆ ಎಳಿತೀರಿ ಒಂದ್ಸಲ ತೋರಿಸಿ” ಎಂದು ಕೇಳಿ ನೋಡಿ. ಅವರು ಅಲುಗಾಡಿಸದೆ ಬಾಯಿಗಿಟ್ಟು ಒತ್ತುತ್ತಾರೆ, ಒತ್ತಿದ ಮೇಲೆ ಮೂಗಿನಿಂದ ಉಸಿರೆಳೆಯುತ್ತಾರೆ, ಔಷಧವೆಲ್ಲ ಬಾಯೊಳಗೇ ಉಳಿದು ತುಟಿಯ ಅಂಚಿನಿಂದ ಬಿಳಿ ಹೊಗೆಯಂತೆ ಹೊರಗೆ ಬರುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಮುಚ್ಚಳ ತೆಗೆಯಬೇಕು, ಅಲುಗಾಡಿಸಬೇಕು, ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ನಿಧಾನವಾಗಿ ಆಳವಾಗಿ ಎಳೆಯಲು ತೊಡಗಿದಾಗಲೇ ಒತ್ತಬೇಕು, ಸುಮಾರು ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಇದು ಒತ್ತುವ ಇನ್‌ಹೇಲರಿನ ಕ್ರಮ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಇನ್‌ಹೇಲರಿಗೆ ಕ್ರಮವೇ ಬೇರೆ, ಅಲ್ಲಿ ಜೋರಾಗಿ, ರಭಸದಿಂದ ಎಳೆಯಬೇಕು. ಆ ಕ್ಯಾಪ್ಸೂಲನ್ನು ಇನ್‌ಹೇಲರಿಗೆ ಹಾಕದೆ ನೀರಿನೊಂದಿಗೆ ನುಂಗುತ್ತಿದ್ದವರನ್ನೂ ನಾನು ನೋಡಿದ್ದೇನೆ.

ನಿಮ್ಮ ಪ್ರಶ್ನೆ ಈಗ ಹೀಗಾಗುತ್ತದೆ: “ನಮ್ಮ ಒಪಿಡಿಗೆ ಬರುವ, ಕನಿಷ್ಠ ಮೂರು ತಿಂಗಳಿಂದ ಒತ್ತುವ ಇನ್‌ಹೇಲರ್ ಬಳಸುತ್ತಿರುವ ವಯಸ್ಕ ಅಸ್ತಮಾ ರೋಗಿಗಳಲ್ಲಿ ಶೇಕಡಾ ಎಷ್ಟು ಮಂದಿ ಅದನ್ನು ತಪ್ಪಾಗಿ ಬಳಸುತ್ತಾರೆ?” ಯಾರು, ಎಲ್ಲಿ, ಯಾವ ಸಾಧನ, ಏನನ್ನು ಅಳೆಯುವುದು, ಎಲ್ಲವೂ ಒಂದೇ ವಾಕ್ಯದೊಳಗೆ ಬಂದಿದೆ. “ತಪ್ಪು” ಎಂದರೆ ಏನೆಂಬುದನ್ನು ಮೊದಲ ರೋಗಿಯನ್ನು ನೋಡುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಯಾವ ಹೆಜ್ಜೆ ತಪ್ಪಿದರೆ ಔಷಧ ಶ್ವಾಸಕೋಶಕ್ಕೆ ಹೋಗುವುದೇ ಇಲ್ಲವೋ ಅದನ್ನು ಗಂಭೀರ ತಪ್ಪು ಎಂದು ಬೇರೆಯಾಗಿ ಗುರುತಿಸಿಕೊಳ್ಳಿ. ನೋಡಿ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಸರಿಯಾದ ಕ್ರಮವನ್ನು ಕಲಿಸಿಯೇ ಕಳಿಸಬೇಕು. ತಪ್ಪನ್ನು ಎಣಿಸಿಕೊಂಡು ಸುಮ್ಮನೆ ಕಳಿಸಿಬಿಡುವುದು ವೈದ್ಯರಾಗುವವರು ಮಾಡತಕ್ಕ ಕೆಲಸವಲ್ಲ.

ಎಷ್ಟು ರೋಗಿಗಳು ಎಂಬುದಕ್ಕೆ ನಮ್ಮ ವಿಭಾಗಗಳಲ್ಲಿ ಎಲ್ಲರೂ ಬಳಸುವ ಸರಳ ಸೂತ್ರವಿದೆ: ನಾಲ್ಕು ಗುಣಿಸು ಪಿ ಗುಣಿಸು ಕ್ಯೂ, ಭಾಗಿಸು ಡಿ ವರ್ಗ. ಪಿ ಎಂದರೆ ಹಿಂದಿನ ಅಧ್ಯಯನವೊಂದರಲ್ಲಿ ಕಂಡ ಶೇಕಡಾವಾರು, ಕ್ಯೂ ಎಂದರೆ ನೂರರಿಂದ ಅದನ್ನು ಕಳೆದ ಉಳಿಕೆ, ಡಿ ಎಂದರೆ ನಿಮಗೆ ಸಿಗುವ ಸಂಖ್ಯೆಗೂ ನಿಜವಾದ ಸಂಖ್ಯೆಗೂ ನಡುವೆ ನೀವು ಸಹಿಸಿಕೊಳ್ಳಲು ಒಪ್ಪುವ ವ್ಯತ್ಯಾಸ. ಉದಾಹರಣೆಗೆ, ನಿಮ್ಮಂಥದೇ ಆಸ್ಪತ್ರೆಯಲ್ಲಿ ಶೇಕಡಾ 60 ಮಂದಿ ತಪ್ಪು ಮಾಡಿದ್ದರೆಂದು ಇಟ್ಟುಕೊಳ್ಳಿ. 60ನ್ನು 40ರಿಂದ ಗುಣಿಸಿದರೆ 2400, ಅದರ ನಾಲ್ಕು ಪಟ್ಟು 9600. ಐದರಷ್ಟು ವ್ಯತ್ಯಾಸ ಮಾತ್ರ ಸಾಕೆಂದರೆ 25ರಿಂದ ಭಾಗಿಸಬೇಕು, 384 ರೋಗಿಗಳು ಬೇಕಾಗುತ್ತಾರೆ. ಹತ್ತರಷ್ಟು ವ್ಯತ್ಯಾಸವನ್ನು ಒಪ್ಪಿಕೊಂಡರೆ 100ರಿಂದ ಭಾಗಿಸಿ 96. ಕ್ಲಾಸು, ಪೋಸ್ಟಿಂಗ್ ಮುಗಿಸಿಕೊಂಡು ದಿನಕ್ಕೆ ಮೂರು ನಾಲ್ಕು ರೋಗಿಗಳನ್ನು ನೋಡಬಲ್ಲ ವಿದ್ಯಾರ್ಥಿಗೆ 96 ಕೈಗೆಟುಕುವ ಸಂಖ್ಯೆ, 384 ಅಲ್ಲ. ಆದರೆ ಈ ರಿಯಾಯಿತಿಗೆ ಬೆಲೆ ಇದೆ. ಕೊನೆಗೆ ನಿಮಗೆ ಶೇಕಡಾ 58 ಎಂದು ಬಂದರೆ, ನಿಜವಾದ ಸಂಖ್ಯೆ ಸುಮಾರು 48ರಿಂದ 68ರ ನಡುವೆ ಎಲ್ಲಿಯಾದರೂ ಇರಬಹುದೆಂದು ವರದಿಯಲ್ಲಿ ಒಪ್ಪಿಕೊಳ್ಳಬೇಕು. ಇದನ್ನು ಸ್ಪಷ್ಟವಾಗಿ ಬರೆದ ವಿದ್ಯಾರ್ಥಿಯ ವರದಿಯನ್ನು ಓದುವಾಗ ನನಗೆ ನಂಬಿಕೆ ಹುಟ್ಟುತ್ತದೆ.

ಪ್ರಶ್ನೆ: ನಮ್ಮದು ಸೊರಬ ತಾಲ್ಲೂಕು. ಚಿಕ್ಕಂದಿನಿಂದ ಮಂಗನ ಕಾಯಿಲೆಯ ಭಯ ನೋಡಿಕೊಂಡು ಬೆಳೆದವನು ನಾನು. ಅದರ ವೈರಸ್ಸಿನ ಮೇಲೆಯೇ ಎಸ್‌ಟಿಎಸ್ ಮಾಡಬೇಕೆಂಬ ಆಸೆ. ಸಾಧ್ಯವೇ? (ಶಿವಮೊಗ್ಗ)

ಉತ್ತರ: ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಕಾಯಿಲೆಯ ಬಗ್ಗೆ ನಿಮಗೆ ಈ ಹಂಬಲವಿರುವುದು ಸಹಜ, ಅದನ್ನು ಬಿಡಬೇಡಿ. ಆದರೆ ಆ ವೈರಸ್ಸನ್ನು ಅತ್ಯಂತ ಬಿಗಿಯಾದ ಜೈವಿಕ ಸುರಕ್ಷತೆಯಿರುವ ಕೆಲವೇ ಪ್ರಯೋಗಾಲಯಗಳಲ್ಲಿ ಮಾತ್ರ ನಿಭಾಯಿಸುತ್ತಾರೆ. ಪದವಿ ವಿದ್ಯಾರ್ಥಿಯ ಎರಡು ತಿಂಗಳ ಕೆಲಸ ಅಲ್ಲಿ ಆಗುವಂಥದ್ದಲ್ಲ. ಜನರ ಕಡೆಯಿಂದ ನೋಡಿದರೆ ಮಾತ್ರ ನಿಮಗೆ ಎಷ್ಟೋ ಪ್ರಶ್ನೆಗಳಿವೆ. ತರಗೆಲೆ ತರಲು, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋಗುವವರಲ್ಲಿ ಎಷ್ಟು ಮಂದಿ, ಕಾಯಿಲೆ ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ನಿಜವಾಗಿ ಹಚ್ಚಿಕೊಳ್ಳುತ್ತಾರೆ? ಮನೆಯ ಮೂಲೆಯಲ್ಲಿ ಬಿರಡೆ ತೆಗೆಯದೆ ಇಟ್ಟ ಬಾಟಲಿಗಳು ಎಷ್ಟು? ಕಾಡಿನಿಂದ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ ಮೈಮೇಲೆ ಉಣುಗು ಇದೆಯೇ ಎಂದು ನೋಡಿಕೊಳ್ಳುವವರು ಎಷ್ಟು? ಇವು ಮನೆಮನೆಗೆ ಹೋಗಿ ನೋಡಿಯೇ ಹೇಳಬಹುದಾದ ಮಾತುಗಳು.

ಒಂದು ಎಚ್ಚರಿಕೆ ಬೇಕು. ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಮರಿ ಉಣುಗುಗಳು ಹೆಚ್ಚಿರುವ ಒಣ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ನಿಮ್ಮ ಎರಡು ತಿಂಗಳು ಜುಲೈ, ಆಗಸ್ಟಿಗೆ ಬಿದ್ದರೆ ಮಲೆನಾಡಿನ ಮಳೆಯಲ್ಲಿ ಕಾಡಿಗೆ ಹೋಗುವವರೂ ಕಡಿಮೆ, ಎಣ್ಣೆ ಹಚ್ಚುವವರೂ ಇರುವುದಿಲ್ಲ. ಆಗ “ಕಳೆದ ಬೇಸಿಗೆಯಲ್ಲಿ ಏನು ಮಾಡಿದಿರಿ” ಎಂದು ನೆನಪಿನಿಂದ ಕೇಳಬೇಕಾಗುತ್ತದೆ, ನೆನಪು ಮೋಸಮಾಡುತ್ತದೆ. ಕಾಯಿಲೆಯ ಕಾಲವೂ ಯೋಜನೆಯ ಕಾಲವೂ ಹೊಂದುತ್ತವೆಯೇ ಎಂಬುದನ್ನು ಗೈಡ್ ಜೊತೆ ಮೊದಲೇ ನೋಡಿಕೊಳ್ಳಿ. ಡೆಂಗ್ಯೂ, ಹಾವು ಕಡಿತ, ಬಿಸಿಲಿನ ಆಘಾತ, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಸಭೆ ಸೇರುವುದು ಯಾವಾಗಲೋ ಒಮ್ಮೆ. “ನೀನು ಶುರು ಮಾಡು, ಪತ್ರ ಆಮೇಲೆ ತೆಗೆದುಕೊಳ್ಳೋಣ” ಎಂದು ಒಬ್ಬರು ಹೇಳಿದರು. ಬರೀ ಪ್ರಶ್ನಾವಳಿ ತಾನೇ, ಅದಕ್ಕೂ ಅನುಮತಿ ಬೇಕೆ? (ಕಲಬುರಗಿ)

ಉತ್ತರ: ಬೇಕು, ಮತ್ತು ಮೊದಲ ರೋಗಿಯನ್ನು ಮಾತನಾಡಿಸುವ ಮುಂಚೆಯೇ ಬೇಕು. ಆಮೇಲೆ ಪಡೆದ ಅನುಮತಿ ಅನುಮತಿಯೇ ಅಲ್ಲ. ಹಿಂದಿನ ದಿನಾಂಕ ಹಾಕಿದ ಪತ್ರವಾದರೆ ಅದು ಸುಳ್ಳು ದಾಖಲೆ. ಹಳೆಯ ಕೇಸ್ ಶೀಟ್‌ಗಳನ್ನು ಮಾತ್ರ ನೋಡುವ ಅಧ್ಯಯನಕ್ಕೂ ಕಮಿಟಿಯ ಮುಂದೆ ಹೋಗಬೇಕು. ಅಲ್ಲಿ ರೋಗಿಗಳ ಒಪ್ಪಿಗೆ ಬೇಡವೆಂದು ಹೇಳುವ ಅಧಿಕಾರ ಕಮಿಟಿಗಿದೆಯೇ ಹೊರತು ನಿಮಗಾಗಲಿ ಗೈಡ್‌ಗಾಗಲಿ ಇಲ್ಲ. ಐಸಿಎಂಆರ್ 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯ ಪ್ರಕಾರ ಈ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರೊಬ್ಬರೂ ವೈದ್ಯವೃತ್ತಿಗೆ ಸೇರದ ಸಾಮಾನ್ಯ ವ್ಯಕ್ತಿಯೊಬ್ಬರೂ ಇರಬೇಕು. ಇಷ್ಟು ಜನ ಒಟ್ಟಿಗೆ ಸೇರಬೇಕಾದ್ದರಿಂದಲೇ ಸಭೆ ತಡವಾಗುತ್ತದೆ. ಅದಕ್ಕೆ ಪರಿಹಾರವೆಂದರೆ ನೀವು ಬೇಗ ಸಿದ್ಧರಾಗುವುದು. ಐಸಿಎಂಆರ್ ಆಯ್ಕೆಪಟ್ಟಿ ಬರುವವರೆಗೆ ಕಾಯದೆ, ಪ್ರಸ್ತಾವ ಬರೆದು ಮುಗಿಸಿದ ವಾರವೇ ಸದಸ್ಯ ಕಾರ್ಯದರ್ಶಿಯವರಿಗೆ ಕೊಡಿ. ಅಪಾಯ ತೀರ ಕಡಿಮೆಯಿರುವ ಅಧ್ಯಯನಗಳಿಗೆ ಪೂರ್ಣ ಸಭೆಯಿಲ್ಲದೆ ತ್ವರಿತ ಪರಿಶೀಲನೆ ನಡೆಸುವ ಅವಕಾಶ ಅದೇ ಮಾರ್ಗಸೂಚಿಯಲ್ಲಿದೆ, ಅದನ್ನು ವಿನಯದಿಂದ ಕೇಳಿಕೊಳ್ಳಬಹುದು.

ಇದರ ಜೊತೆಗೆ ಒಪ್ಪಿಗೆ ಪತ್ರದ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು. ನೀವು ಕಳಿಸಿರುವ ಕನ್ನಡ ಒಪ್ಪಿಗೆ ಪತ್ರದ ಮಾದರಿಯಲ್ಲಿ ಹೀಗೊಂದು ವಾಕ್ಯವಿದೆ: “ಸದರಿ ಅಧ್ಯಯನದಲ್ಲಿ ನನ್ನ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಕಾರಣ ನೀಡದೆ ಹಿಂತೆಗೆದುಕೊಳ್ಳುವ ಹಕ್ಕನ್ನು ಕಾಯ್ದಿರಿಸಿಕೊಂಡಿರುತ್ತೇನೆ.” ಇದು ನೋಂದಣಿ ಕಚೇರಿಯ ಕನ್ನಡ. ಆಳಂದದಿಂದ ರಾತ್ರಿ ಬಸ್ಸಿಗೆ ಬಂದು ಚೀಟಿ ಮಾಡಿಸಿ ಕುಳಿತ ತಾಯಿಗೆ ಇದು ಅರ್ಥವಾಗುವುದಿಲ್ಲ. “ಇದಕ್ಕ ಸೇರಲೇಬೇಕಂತ ಇಲ್ಲ. ಒಲ್ಲೆ ಅಂದರೂ ನಿಮಗ ಕೊಡೋ ಔಷಧ, ನೋಡೋ ಡಾಕ್ಟರು ಏನೂ ಬದಲಾಗೂದಿಲ್ಲ. ನಡುವ ಸಾಕನ್ನಿಸಿದರ ಎದ್ದು ಹೋಗಬಹುದು” ಎಂದು ಬರೆದರೆ ಅರ್ಥವಾಗುತ್ತದೆ. ನಿಮ್ಮ ಭಾಗದ ಮಾತಿನಲ್ಲೇ ಬರೆಯಿರಿ, ಬರೆದ ಮೇಲೆ ನಿಮ್ಮ ಅವ್ವನಿಗೋ ಹಾಸ್ಟೆಲಿನ ಅಡುಗೆಯವರಿಗೋ ಓದಿಹೇಳಿ, “ಈಗ ನಾನು ಏನು ಹೇಳಿದೆ ಹೇಳ್ರಿ” ಎಂದು ಕೇಳಿ. ಅವರು ತಿರುಗಿ ಹೇಳಲಾರದ ವಾಕ್ಯವನ್ನು ತೆಗೆದುಹಾಕಿ. ಓದು ಬಾರದವರಿಗೆ ಪೂರ್ತಿ ಓದಿಹೇಳಿ, ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು.

ಬಿಳಿ ಕೋಟು ಹಾಕಿಕೊಂಡವರು ಕೇಳಿದರೆ ನಮ್ಮ ಜನ ಬೇಡ ಎನ್ನುವುದು ಕಷ್ಟ. “ನೀವು ಹೇಳಿದಂಗ ಆಗಲಿ ಬಿಡ್ರಿ” ಎಂದುಬಿಡುತ್ತಾರೆ. ಅದು ಒಪ್ಪಿಗೆಯಲ್ಲ, ಮರ್ಯಾದೆ. ಆ ಎರಡರ ನಡುವಿನ ವ್ಯತ್ಯಾಸವನ್ನು ನೀವು ಗುರುತಿಸಿ, ಇನ್ನೊಮ್ಮೆ ಬಿಡಿಸಿ ಕೇಳಬೇಕು. ಪ್ರೊಫಾರ್ಮಾದಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಇರಲಿ. ಕೇಸ್ ಶೀಟಿನ ಫೋಟೋ ತೆಗೆದು ವಾಟ್ಸ್‌ಆಪ್ ಗ್ರೂಪಿಗೆ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಪ್ರಶ್ನೆ: ನನ್ನ ಮಗ ಮೂರನೇ ವರ್ಷದ ಎಂ.ಬಿ.ಬಿ.ಎಸ್. ಓದುತ್ತಿದ್ದಾನೆ. ರಿಸರ್ಚು, ಪ್ರಾಜೆಕ್ಟು ಎಂದು ಭಾನುವಾರವೂ ಊರಿಗೆ ಬರುವುದಿಲ್ಲ. ಇದರಿಂದ ಪಿ.ಜಿ. ಸೀಟಿಗೆ ಏನಾದರೂ ಅನುಕೂಲವಿದೆಯೇ? ಇಲ್ಲದಿದ್ದರೆ ಬಿಡಿಸಬೇಕೆಂದಿದ್ದೇನೆ. (ಹಾಸನ)

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ ಬಹುಪಾಲು ಪಿ.ಜಿ. ಸೀಟು ಸಿಗುವುದು ನೀಟ್ ಪಿ.ಜಿ. ರ‍್ಯಾಂಕಿನಿಂದ, ಎಸ್‌ಟಿಎಸ್ ಮಾಡಿದ್ದಕ್ಕೆ ಅಲ್ಲಿ ಒಂದು ಅಂಕವೂ ಸೇರುವುದಿಲ್ಲ. ಇದನ್ನು ಮುಚ್ಚಿಟ್ಟು ವಿದ್ಯಾರ್ಥಿಗಳನ್ನು ಹುರಿದುಂಬಿಸುವುದು ನನಗೆ ಒಪ್ಪಿಗೆಯಿಲ್ಲ. ತರಗತಿಗೆ ಶೇಕಡಾ 75, ಪ್ರಾಯೋಗಿಕಕ್ಕೆ ಶೇಕಡಾ 80 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಸಂಶೋಧನೆಯ ನೆಪ ಅಲ್ಲಿ ನಡೆಯುವುದಿಲ್ಲ. ಮಗ ಇಂಟರ್ನಲ್ಸ್‌ನಲ್ಲಿ ಹಿಂದೆ ಬಿದ್ದಿದ್ದರೆ ಈ ವರ್ಷ ಬೇಡವೆನ್ನುವುದು ತಪ್ಪಲ್ಲ.

ಆದರೆ ಅವನು ಓದನ್ನೂ ನಿಭಾಯಿಸುತ್ತಿದ್ದಾನೆ ಎಂದಾದರೆ ಬಿಡಿಸಬೇಡಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇನ್ಸುಲಿನ್ ತೆಗೆದುಕೊಳ್ಳುವವರು ಯಾರಾದರೂ ಇದ್ದೇ ಇರುತ್ತಾರೆ. ಆ ಔಷಧದ ಕಥೆ ವಿದ್ಯಾರ್ಥಿಗಳಿಂದಲೇ ಕಟ್ಟಿದ್ದು. 1869ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಇಪ್ಪತ್ತೊಂದರ ಹರೆಯದ ವೈದ್ಯವಿದ್ಯಾರ್ಥಿ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಸುತ್ತಲಿನ ಜೀವಕೋಶಗಳಿಗಿಂತ ಬೇರೆಯಾಗಿ ಕಾಣುವ ಸಣ್ಣ ಗುಂಪುಗಳನ್ನು ಗುರುತಿಸಿದ. ಅವು ಏನು ಕೆಲಸ ಮಾಡುತ್ತವೆಂದು ತನಗೆ ತಿಳಿಯದು ಎಂದು ಪ್ರಬಂಧದಲ್ಲೇ ಒಪ್ಪಿಕೊಂಡ. ಅವನ ಹೆಸರಿನಲ್ಲೇ ಆ ಗುಂಪುಗಳನ್ನು ನಡುಗಡ್ಡೆಗಳೆಂದು ಮುಂದೆ ಕರೆದರು. ಇನ್ಸುಲಿನ್ ಎಂಬ ಹೆಸರಿನ ಮೂಲವೂ ನಡುಗಡ್ಡೆ ಎಂಬ ಅರ್ಥದ ಲ್ಯಾಟಿನ್ ಪದವೇ. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ, ಆಗಷ್ಟೇ ಪದವಿ ಮುಗಿಸಿದ್ದ ಚಾರ್ಲ್ಸ್ ಬೆಸ್ಟ್ ಎಂಬ ಯುವಕ ಫ್ರೆಡರಿಕ್ ಬ್ಯಾಂಟಿಂಗ್ ಜೊತೆ ಸೇರಿ ಆ ನಡುಗಡ್ಡೆಗಳ ಸತ್ವವನ್ನು ಹೊರತೆಗೆಯಲು ದುಡಿದ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೂಡ 1916ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಗೆ ಕಂಡದ್ದು. ಅವನು ಹುಡುಕುತ್ತಿದ್ದದ್ದು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು, ಸಿಕ್ಕಿದ್ದು ಅದಕ್ಕೆ ವಿರುದ್ಧವಾದದ್ದು. ಕಂಡದ್ದನ್ನು ಕಂಡಂತೆಯೇ ತನ್ನ ಪ್ರಾಧ್ಯಾಪಕರಿಗೆ ತೋರಿಸಿದ.

ನಿಮ್ಮ ಮಗ ಇಂಥದ್ದೇನನ್ನೋ ಕಂಡುಹಿಡಿಯುತ್ತಾನೆಂದು ನಾನು ಹೇಳುತ್ತಿಲ್ಲ. ಮುಂದೆ ಔಷಧ ಕಂಪನಿಯ ಪ್ರತಿನಿಧಿ ಬಂದು ಹೊಳೆಯುವ ಕಾಗದದ ಮೇಲೆ ನಕ್ಷೆ ತೋರಿಸಿದಾಗ, “ಎಷ್ಟು ಜನರ ಮೇಲೆ ಮಾಡಿದ್ದು, ಯಾವುದರ ಜೊತೆ ಹೋಲಿಸಿದ್ದು?” ಎಂದು ಕೇಳುವ ವೈದ್ಯನಾಗುತ್ತಾನೆ. ತಿಂಗಳಿಗೆ ಒಂದು ಭಾನುವಾರ ಊರಿಗೆ ಬರಲೇಬೇಕೆಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿ, ಅದು ನಿಮ್ಮ ಹಕ್ಕು.

ಪ್ರಶ್ನೆ: ನನ್ನ ಪ್ರಸ್ತಾವ ತಿರಸ್ಕೃತವಾಯಿತು, ಕಾರಣ ತಿಳಿಯಲಿಲ್ಲ. ಮೂರು ತಿಂಗಳ ಶ್ರಮ ವ್ಯರ್ಥವಾಯಿತೆಂದು ಬೇಸರವಾಗಿದೆ. (ಮಂಡ್ಯ)

ಉತ್ತರ: ನೀವು ಕಳಿಸಿದ ಪ್ರತಿಯನ್ನು ಓದಿದೆ. ಪೀಠಿಕೆ ಚೆನ್ನಾಗಿದೆ, ಆದರೆ ಅದೇ ಮುಕ್ಕಾಲು ಭಾಗ ತಿಂದುಹಾಕಿದೆ. ರೋಗಿಗಳನ್ನು ಹೇಗೆ ಆರಿಸುತ್ತೀರಿ, ಯಾರನ್ನು ಬಿಡುತ್ತೀರಿ, 150 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದಕ್ಕೆ ಎರಡೇ ಸಾಲು ಉಳಿದಿದೆ. ಪರಿಶೀಲಕರು ಮೊದಲು ನೋಡುವುದು ಈ ಭಾಗವನ್ನೇ. ಎರಡನೆಯದಾಗಿ, ಪ್ರಸ್ತಾವದೊಳಗೆ ವಿದ್ಯಾರ್ಥಿ, ಗೈಡ್, ಕಾಲೇಜು ಯಾವುದರ ಗುರುತೂ ಇರಕೂಡದೆಂಬ ನಿಯಮವಿದೆ. ನಿಮ್ಮ ವಿಧಾನದ ಭಾಗದಲ್ಲಿ ಕಾಲೇಜಿನ ಹೆಸರು ಎರಡು ಕಡೆ ಉಳಿದುಬಿಟ್ಟಿದೆ. ಇಷ್ಟೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಆದರೆ ಇವೆರಡೂ ತಿದ್ದಲೇಬೇಕಾದವು.

ಶ್ರಮ ವ್ಯರ್ಥವಾಗಿಲ್ಲ. ಎಥಿಕ್ಸ್ ಕಮಿಟಿಯ ಅನುಮತಿ ನಿಮ್ಮ ಕೈಯಲ್ಲಿದೆ, ಗೈಡ್ ಒಪ್ಪಿದ್ದಾರೆ, ಪ್ರೊಫಾರ್ಮಾ ಸಿದ್ಧವಿದೆ. ಖರ್ಚಿಲ್ಲದ ಅಧ್ಯಯನವಾದ್ದರಿಂದ ವಿದ್ಯಾರ್ಥಿವೇತನವಿಲ್ಲದೆಯೂ ನಡೆಸಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಕಾಲೇಜುಗಳ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಸಣ್ಣ ಅನುದಾನ ಕೊಡುತ್ತ ಬಂದಿದೆ. ಅದರ ಪ್ರಕಟಣೆಗಾಗಿ ಕಾಲೇಜಿನ ಸಂಶೋಧನಾ ಘಟಕದಲ್ಲಿ ವಿಚಾರಿಸುತ್ತಿರಿ.

ಪ್ರಶ್ನೆ: ನಾನು ಬಿ.ಎ.ಎಂ.ಎಸ್. ವಿದ್ಯಾರ್ಥಿನಿ. ನಮಗೇಕೆ ಇಂಥದ್ದಿಲ್ಲ? (ಉಡುಪಿ)

ಉತ್ತರ: ಇದೆ. ಕೇಂದ್ರೀಯ ಆಯುರ್ವೇದ ವಿಜ್ಞಾನ ಸಂಶೋಧನಾ ಪರಿಷತ್ತು 2022ರಲ್ಲಿ ಸ್ಪಾರ್ಕ್ ಎಂಬ ಹೆಸರಿನಲ್ಲಿ ಬಿ.ಎ.ಎಂ.ಎಸ್. ವಿದ್ಯಾರ್ಥಿಗಳಿಗೆಂದೇ ಎರಡು ತಿಂಗಳ ಯೋಜನೆಯನ್ನು ಆರಂಭಿಸಿದೆ. ಅಲ್ಲಿಯೂ ಒಟ್ಟು ಮೊತ್ತ 50,000 ರೂಪಾಯಿ. ಮೇಲೆ ಸಂಶೋಧನೆಯ ಪ್ರಶ್ನೆಯ ಬಗ್ಗೆಯೂ ಒಪ್ಪಿಗೆ ಪತ್ರದ ಬಗ್ಗೆಯೂ ಹೇಳಿದ್ದೆಲ್ಲ ನಿಮಗೂ ಹಾಗೆಯೇ ಅನ್ವಯಿಸುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಗಳು ಈ ವರ್ಷ ಮೆಡಿಕಲ್ ಸ್ಕೂಲ್ ಸೇರಿದ್ದಾಳೆ. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಬಂದು ಎಸ್‌ಟಿಎಸ್ ಮಾಡಬಹುದೇ? (ನ್ಯೂಜೆರ್ಸಿ)

ಉತ್ತರ: ಇಲ್ಲ. ಅದು ಭಾರತದ ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಓದುತ್ತಿರುವವರಿಗೆ ಮಾತ್ರ. ಆದರೆ ಅವಳಿಗೆ ಅಲ್ಲಿಯೇ ಇನ್ನೂ ಹೆಚ್ಚಿನ ಅವಕಾಶವಿದೆ. ಮೊದಲ ಮತ್ತು ಎರಡನೇ ವರ್ಷದ ನಡುವಿನ ಬೇಸಿಗೆ ಅಲ್ಲಿ ನಿಜಕ್ಕೂ ಬಿಡುವಿನ ಕಾಲ. ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್, ಟಿ35 ಎಂಬ ತರಬೇತಿ ಅನುದಾನವನ್ನು ನೇರವಾಗಿ ವೈದ್ಯಕೀಯ ಕಾಲೇಜುಗಳಿಗೆ ಕೊಟ್ಟು, ಆ ಮೂಲಕ ವಿದ್ಯಾರ್ಥಿಗಳಿಗೆ ಎರಡು ಮೂರು ತಿಂಗಳ ವೇತನ ಸಿಗುವಂತೆ ಮಾಡಿದೆ. ವೃದ್ಧಾಪ್ಯದ ಆರೋಗ್ಯದಲ್ಲಿ ಆಸಕ್ತಿಯಿದ್ದರೆ ಎಂಸ್ಟಾರ್ ಎಂಬ ಬೇಸಿಗೆ ಕಾರ್ಯಕ್ರಮದ ಬಗ್ಗೆಯೂ ಅವಳ ಕಾಲೇಜಿನಲ್ಲಿ ವಿಚಾರಿಸಲಿ.

ಪ್ರಶ್ನೆ: ಹೆಸರು, ಊರು ಎರಡೂ ಬೇಡ ಮೇಡಂ. 96 ರೋಗಿಗಳೆಂದು ಬರೆದಿದ್ದೆ. ಪರೀಕ್ಷೆ, ಮುಷ್ಕರ, ಜ್ವರ ಎಲ್ಲ ಸೇರಿ 61ಕ್ಕೆ ನಿಂತಿದೆ. ವರದಿಗೆ ಹನ್ನೆರಡು ದಿನ ಉಳಿದಿದೆ. “ಉಳಿದ 35 ಪ್ರೊಫಾರ್ಮಾ ರೂಮಿನಲ್ಲೇ ಕೂತು ತುಂಬಿಬಿಡು, ಎಲ್ಲರೂ ಮಾಡೋದು ಅದೇ” ಎಂದು ಹಿರಿಯರೊಬ್ಬರು ಹೇಳುತ್ತಿದ್ದಾರೆ. ನಾಲ್ಕು ದಿನದಿಂದ ನಿದ್ದೆಯಿಲ್ಲ.

ಉತ್ತರ: ತುಂಬಬೇಡಿ. ನಿಮಗೆ ನಿದ್ದೆ ಬಾರದಿರುವುದು ನಿಮ್ಮೊಳಗಿನ ವೈದ್ಯೆ ಎಚ್ಚರವಾಗಿರುವುದರಿಂದ.

ನಾನು ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ತಂಡಕ್ಕೆ ಒಂದು ಹಳ್ಳಿಯ ರಕ್ತದೊತ್ತಡದ ಸಮೀಕ್ಷೆ ವಹಿಸಿದ್ದರು. ಕೊನೆಯ ಎರಡು ಬೀದಿಗೆ ಹೋಗದೆ ನಮ್ಮಲ್ಲಿ ಕೆಲವರು ಹಾಳೆಗಳನ್ನು ಹಾಸ್ಟೆಲಿನಲ್ಲಿ ತುಂಬಿದರು. ನಾನು ನೋಡಿಯೂ ಸುಮ್ಮನಿದ್ದೆ. ಆ ಹಾಳೆಗಳಲ್ಲಿ ಎಲ್ಲರಿಗೂ 120/80, 130/80, 110/70. ನಮ್ಮ ಪ್ರಾಧ್ಯಾಪಕರು ಹಾಳೆಗಳನ್ನು ಒಂದೊಂದಾಗಿ ತಿರುವಿ, ಏನೂ ಹೇಳದೆ, ಆ ಕಟ್ಟನ್ನು ಬೇರೆಯಾಗಿ ತೆಗೆದಿಟ್ಟರು. ಮರುವಾರ ತಾವೇ ನಮ್ಮನ್ನು ಆ ಎರಡು ಬೀದಿಗೆ ಕರೆದುಕೊಂಡು ಹೋದರು. ಮೂರನೇ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸಿಗೆ ಕಫ್ ಸುತ್ತಿ ನೋಡಿದರೆ 210/120. ನಮ್ಮ ಹಾಳೆಯಲ್ಲಿ ಆಕೆಗೆ 120/80 ಎಂದು ಬರೆದಿತ್ತು. ಆಕೆಯನ್ನು ಅಂದೇ ಆಸ್ಪತ್ರೆಗೆ ಸೇರಿಸಿದೆವು. ಇಷ್ಟು ವರ್ಷಗಳಾದರೂ ಆ ಜಗಲಿ ನನಗೆ ಮರೆತಿಲ್ಲ.

ಈಗ ನೀವು ಮಾಡಬೇಕಾದದ್ದನ್ನು ಹೇಳುತ್ತೇನೆ. ಉಳಿದ ಹನ್ನೆರಡು ದಿನಗಳಲ್ಲಿ ಏಳು ದಿನ ಒಪಿಡಿಗೆ ಹೋಗಿ, ನಿಜವಾಗಿ ಸಿಕ್ಕಷ್ಟು ರೋಗಿಗಳನ್ನು ನೋಡಿ. ಬಳಿಕ ನಿಲ್ಲಿಸಿ. 96 ಎಂದು ಲೆಕ್ಕ ಹಾಕಿದ್ದೆವು, ಇಂಥ ಕಾರಣಗಳಿಂದ ಇಷ್ಟೇ ಮಂದಿ ಸಿಕ್ಕರು, ಆದ್ದರಿಂದ ನಮ್ಮ ಅಂದಾಜಿನ ವ್ಯಾಪ್ತಿ ಮೊದಲು ಯೋಚಿಸಿದ್ದಕ್ಕಿಂತ ಅಗಲವಾಗಿದೆ ಎಂದು ಎರಡು ವಾಕ್ಯ ಬರೆಯಿರಿ. 61ಕ್ಕೇ ನಿಂತರೂ ವ್ಯತ್ಯಾಸ ಹತ್ತರ ಬದಲು ಹನ್ನೆರಡೂವರೆಯಷ್ಟಾಗುತ್ತದೆ, ಆಕಾಶವೇನೂ ಕಳಚಿ ಬೀಳುವುದಿಲ್ಲ. ಮಾದರಿ ಕಡಿಮೆಯಾದುದಕ್ಕೆ ಪರಿಶೀಲಕರು ವರದಿಯನ್ನು ಒಪ್ಪದೆ ಹೋಗುವ ಸಾಧ್ಯತೆ ಇದ್ದೇ ಇದೆ. ಹಾಗಾದರೆ 50,000 ರೂಪಾಯಿ ಹೋಗುತ್ತದೆ, ಅದು ಸಣ್ಣ ಮೊತ್ತವಲ್ಲವೆಂಬುದು ನನಗೆ ಗೊತ್ತು. ಆದರೂ ನಿಜವಾಗಿ ನೋಡಿದವರದ್ದನ್ನೇ ಬರೆಯಿರಿ. ನಾಳೆ ಬೆಳಗ್ಗೆಯೇ ಗೈಡ್‌ಗೆ ಈ ಸಂಖ್ಯೆಯನ್ನು ಹೇಳಿಬಿಡಿ, ಆ ಹಿರಿಯರ ಹೆಸರನ್ನು ಹೇಳಬೇಕಾಗಿಲ್ಲ. ಒಬ್ಬರೇ ಹೋಗಿ ಹೇಳಲು ಅಳುಕಾದರೆ ನನಗೆ ಮತ್ತೆ ಬರೆಯಿರಿ, ವರದಿಯ ಆ ಪುಟವನ್ನು ನಿಮ್ಮೊಡನೆ ಕೂತು ಓದಿ ತಿದ್ದಿಕೊಡುತ್ತೇನೆ.